ಜಾಣ ಮಗು ತಾನಾಗಿ ಮೇಲೆ ಬರುವುದಿಲ್ಲ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಒಳಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಸಾಲುಗಟ್ಟುತ್ತದೆ. ಕೂಲಿಯವರ ಮಗಳು 625ಕ್ಕೆ 620 ದಾಟಿದಳು, ಕುರಿ ಕಾಯುವವರ ಮಗ ತಾಲ್ಲೂಕಿಗೆ ಮೊದಲಿಗನಾದ, ಕರೆಂಟಿಲ್ಲದ ಮನೆಯ ಹುಡುಗಿ ಡಾಕ್ಟರಾಗಬೇಕೆಂದಿದ್ದಾಳೆ. ಶಾಸಕರು ಮನೆಗೆ ಹೋಗಿ ಶಾಲು ಹೊದಿಸುತ್ತಾರೆ. ಜಾತಿ ಸಂಘದವರು ಪ್ರತಿಭಾ ಪುರಸ್ಕಾರಕ್ಕೆ ಹೆಸರು ಬರೆದುಕೊಳ್ಳುತ್ತಾರೆ. ಓದಿದ ನಮಗೆ ಕಣ್ಣು ತುಂಬಿಬರುತ್ತದೆ, ಹಿಂದೆಯೇ ಒಂದು ನೆಮ್ಮದಿಯೂ ಬರುತ್ತದೆ: ಬುದ್ಧಿ ಇದ್ದವರು ಎಲ್ಲಿದ್ದರೂ ಮೇಲೆ ಬರುತ್ತಾರೆ. ಈ ಲೇಖನ ಆ ನೆಮ್ಮದಿಯ ವಿರುದ್ಧ.

ಆ ಮಕ್ಕಳ ಸಾಧನೆಯ ಬಗ್ಗೆ ಎರಡು ಮಾತಿಲ್ಲ. ಹೆತ್ತವರು ಬೆವರು ಸುರಿಸಿದ್ದಾರೆ, ಯಾರೋ ಒಬ್ಬ ಮೇಷ್ಟ್ರು ಸಂಜೆ ಆರರವರೆಗೆ ಕೂತು ಹೇಳಿಕೊಟ್ಟಿದ್ದಾರೆ, ಮಗು ನಿದ್ದೆಗೆಟ್ಟಿದೆ. ನನ್ನ ತಕರಾರಿರುವುದು ಆ ಗೆಲುವನ್ನು ನಾವು ಬಳಸಿಕೊಳ್ಳುವ ರೀತಿಯ ಮೇಲೆ. ಗೆದ್ದ ಒಬ್ಬಳನ್ನು ತೋರಿಸಿ ಉಳಿದವರ ಲೆಕ್ಕವನ್ನೇ ಮುಚ್ಚಿಬಿಡುತ್ತೇವೆ. ಅದೇ ಶಾಲೆಯಲ್ಲಿ ಅವಳಷ್ಟೇ ಚುರುಕಾಗಿದ್ದು, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದವಳ ಹೆಸರು ಯಾವ ಪತ್ರಿಕೆಯಲ್ಲಿ ಬಂತು? ಹೈಸ್ಕೂಲು ದೂರವೆಂದು ಏಳನೆಯದಕ್ಕೇ ಓದು ನಿಲ್ಲಿಸಿದವಳ ಹೆಸರು? ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಕೇಳಿ ಬೇಸತ್ತು, ಹಿಂದಿನ ಬೆಂಚಿಗೆ ಸರಿದು, ಪುಂಡನೆನಿಸಿಕೊಂಡು, ಹದಿನಾರಕ್ಕೆ ಟಿಪ್ಪರ್ ಕ್ಲೀನರ್ ಆದವನ ಹೆಸರು? ಕಳೆದುಹೋದವರ ಪಟ್ಟಿಯನ್ನು ಯಾವ ಪರೀಕ್ಷಾ ಮಂಡಳಿಯೂ ಪ್ರಕಟಿಸುವುದಿಲ್ಲ. ದಡ ಸೇರಿದವರನ್ನಷ್ಟೇ ಎಣಿಸಿ, ಹೊಳೆಯಲ್ಲಿ ಸೆಳವಿಲ್ಲ ಎಂದು ತೀರ್ಮಾನಿಸಿ ಕೂತಿದ್ದೇವೆ.

ಈ ತೀರ್ಮಾನ ಎಷ್ಟು ಆಳಕ್ಕಿಳಿದಿದೆ ಎಂದರೆ ಅದನ್ನು ಯಾರೂ ವಾದ ಮಾಡಿ ಸಮರ್ಥಿಸಬೇಕಾಗಿಯೇ ಇಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿ, ಬಿಇಒ ಕಚೇರಿಯಲ್ಲಿ ಕೇಳಿ, ಶಿಕ್ಷಣದ ಬಗ್ಗೆ ಕಾಳಜಿಯಿಂದ ಮಾತಾಡುವ ಪ್ರಗತಿಪರರನ್ನು ಕೇಳಿ. ಎಲ್ಲರೂ ಹೇಳುವುದು ಇಷ್ಟೇ: "ಜಾಣರಿಗೆ ನಾವೇನು ಹೇಳಿಕೊಡೋದು, ಅವರು ಹೇಗಿದ್ದರೂ ಕಲಿತುಕೊಳ್ತಾರೆ. ನಮ್ಮ ಗಮನ ಹಿಂದುಳಿದ ಮಕ್ಕಳ ಮೇಲಿರಬೇಕು." ಕೇಳಲು ಕರುಣೆಯ ಮಾತು. ಆದರೆ ಇದು ಸುಳ್ಳು, ಮತ್ತು ಈ ಸುಳ್ಳಿನ ದಂಡವನ್ನು ಕಟ್ಟುತ್ತಿರುವವರು ಬಡವರ ಮಕ್ಕಳು.

ದುಡ್ಡಿದ್ದವರ ಮಗು ಜಾಣನಾಗಿದ್ದರೆ ಏನಾಗುತ್ತದೆ? ಅಪ್ಪ ಅಮ್ಮ ಗುರುತಿಸುತ್ತಾರೆ. ಪುಸ್ತಕ ತರುತ್ತಾರೆ, ಅಬ್ಯಾಕಸ್‌ಗೋ ಚೆಸ್‌ಗೋ ಸೇರಿಸುತ್ತಾರೆ, ಒಲಿಂಪಿಯಾಡ್ ತರಬೇತಿಗೆ ಕಾರಿನಲ್ಲಿ ಬಿಟ್ಟು ಬರುತ್ತಾರೆ. ಶಾಲೆಯ ಪಾಠ ಸಾಲದಾದರೆ ಬೇರೆ ಶಾಲೆ ಹುಡುಕುತ್ತಾರೆ. ಆ ಮಗು ತಾನಾಗಿ ಮೇಲೆ ಬರುತ್ತದೆಯೆಂದು ಅವರಲ್ಲಿ ಒಬ್ಬರೂ ಕೈಕಟ್ಟಿ ಕೂರುವುದಿಲ್ಲ. ಹಾಗಾದರೆ ತಾನಾಗಿ ಮೇಲೆ ಬರಬೇಕಾದ ಮಗು ಯಾವುದು? ಮನೆಯಲ್ಲಿ ಒಂದೂ ಪುಸ್ತಕವಿಲ್ಲದ, ತನ್ನ ಪ್ರಶ್ನೆಗೆ ಉತ್ತರಿಸಲು ಓದಿದವರೊಬ್ಬರೂ ಇಲ್ಲದ, ಸರ್ಕಾರಿ ಶಾಲೆಯೊಂದನ್ನು ಬಿಟ್ಟರೆ ಬೇರೆ ಯಾವ ಬಾಗಿಲೂ ಇಲ್ಲದ ಮಗು. ಎಲ್ಲರಿಗಿಂತ ಕಡಿಮೆ ಆಸರೆ ಇರುವವರ ಮೇಲೆ ಎಲ್ಲರಿಗಿಂತ ಭಾರವಾದ ಹೊರೆ ಹೊರಿಸಿ, ಅದಕ್ಕೆ ಸಮಾನತೆ ಎಂದು ಹೆಸರಿಟ್ಟಿದ್ದೇವೆ.

ಪ್ರತಿಭೆಯ ಮಾತು ಬಂದಾಗ ನಾವು ನೆನೆಯುವ ಮಹನೀಯರ ಬದುಕನ್ನಾದರೂ ಸರಿಯಾಗಿ ಓದಿದ್ದೇವೆಯೇ? ಶ್ರೀನಿವಾಸ ರಾಮಾನುಜನ್ ಹೆಸರು ಹೇಳದ ವಿಜ್ಞಾನ ದಿನಾಚರಣೆ ಇಲ್ಲ. ಆದರೆ ಆ ಹುಡುಗ ಕುಂಭಕೋಣಂ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು ಕೂತದ್ದಕ್ಕೆ ವಿದ್ಯಾರ್ಥಿವೇತನ ಕಳೆದುಕೊಂಡ. ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಹೋದ, ಅಲ್ಲೂ ಎಫ್.ಎ. ಪಾಸಾಗಲಿಲ್ಲ. ವ್ಯವಸ್ಥೆ ಎರಡು ಸಲ ಅವನನ್ನು ಹೊರಗೆ ಹಾಕಿತು. ಮುಂದೆ ರಾಮಚಂದ್ರ ರಾಯರೆಂಬ ಕಲೆಕ್ಟರು ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರಲ್ಲಿ ಮದ್ರಾಸ್ ಬಂದರಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಅಲ್ಲಿ ನಾರಾಯಣ ಅಯ್ಯರ್ ಎಂಬ ಮೇಲಧಿಕಾರಿ ಬೆನ್ನಿಗೆ ನಿಂತರು, 1913ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ ಅವನು ಬರೆದ ಪತ್ರವನ್ನು ಪಕ್ಕಕ್ಕೆಸೆಯದೆ ಓದಿದರು. ಅದಕ್ಕೂ ಮೊದಲು ಅಲ್ಲಿನ ಬೇರೆ ಗಣಿತಜ್ಞರಿಂದ ಅವನಿಗೆ ನೆರವು ಸಿಕ್ಕಿರಲಿಲ್ಲ. ಹಾರ್ಡಿಯೂ ಅವರಂತೆಯೇ ಇದ್ದಿದ್ದರೆ? ರಾಮಾನುಜನ್ ಬದುಕು ಪ್ರತಿಭೆ ತಾನೇ ಬೆಳಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಅದು ಎಷ್ಟು ಸಲ ಆರಿಹೋಗುವುದರಲ್ಲಿತ್ತು ಎಂಬುದಕ್ಕೆ ಸಾಕ್ಷಿ.

ಅಂಬೇಡ್ಕರ್ ಅವರ ಕತೆಯೂ ಇದೇ. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಿಕ್ಷಕರು ಆ ಹುಡುಗನ ಓದಿನ ಹಸಿವನ್ನು ಕಂಡರು, ಪುಸ್ತಕ ಕೊಟ್ಟರು, ಬರೋಡಾದ ಸಯಾಜಿರಾವ್ ಗಾಯಕವಾಡರ ಗಮನಕ್ಕೆ ತಂದರು. ಆ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ಮೇಧಾಶಕ್ತಿ ಅವರದೇ, ಅದನ್ನು ಯಾರೂ ಕೊಟ್ಟದ್ದಲ್ಲ. ಆದರೆ ಕಣ್ಣಿಟ್ಟು ನೋಡಿದ ಒಬ್ಬ ಮೇಷ್ಟ್ರು ಮತ್ತು ದುಡ್ಡು ತೆಗೆದಿಟ್ಟ ಒಂದು ಸರ್ಕಾರ ಇಲ್ಲದಿದ್ದರೆ ಈ ದೇಶ ಏನನ್ನು ಕಳೆದುಕೊಳ್ಳುತ್ತಿತ್ತು ಎಂದು ಯೋಚಿಸಿದ್ದೇವೆಯೇ? ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವೇತನದಿಂದ. ಆ ಹುಡುಗನಿಗೆ ಖರ್ಚು ಮಾಡಿದ ಹಣ ನಾಡಿಗೆ ಯಾವ ರೂಪದಲ್ಲಿ ವಾಪಸು ಬಂತೆಂದು ಮಂಡ್ಯದ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ.

ಈ ಸತ್ಯ ನಮ್ಮ ಸಮಾಜಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಹಳೆಯ ತಲೆಮಾರಿನ ಎಷ್ಟೋ ದೊಡ್ಡವರ ಆತ್ಮಕಥೆಗಳಲ್ಲಿ ವಾರಾನ್ನದ ಪುಟಗಳಿವೆ. ಓದುವ ಬಡ ಹುಡುಗನಿಗೆ ಸೋಮವಾರ ಒಂದು ಮನೆಯ ಊಟ, ಮಂಗಳವಾರ ಇನ್ನೊಂದು ಮನೆಯದು. ಮಠಗಳು ಪ್ರಸಾದ ನಿಲಯ ನಡೆಸಿದವು, ಸಮುದಾಯಗಳು ಊರೂರಲ್ಲಿ ಹಾಸ್ಟೆಲ್ ಕಟ್ಟಿದವು. ಮಲೆನಾಡಿನಿಂದ ಬಂದ ಕುವೆಂಪು ಅವರಿಗೆ ಮೈಸೂರಿನ ರಾಮಕೃಷ್ಣಾಶ್ರಮ ನೆಲೆ ಕೊಟ್ಟಿತು. ಬುದ್ಧಿಯಿದ್ದರೆ ಸಾಲದು, ಅನ್ನ ಬೇಕು, ಸೂರು ಬೇಕು, ಹೇಳಿಕೊಡುವವರು ಬೇಕು ಎಂಬ ತಿಳಿವಳಿಕೆಯಿಂದಲೇ ಇವೆಲ್ಲ ಹುಟ್ಟಿದ್ದು. ಆದರೆ ಆ ತಿಳಿವಳಿಕೆ ಹೆಚ್ಚಾಗಿ ತಂತಮ್ಮವರ ತನಕ ಮಾತ್ರ ಹೋಯಿತು. ಕೇರಿಯ ಮಗುವಿಗೆ ಯಾವ ಅಗ್ರಹಾರ ವಾರಾನ್ನ ಕೊಟ್ಟಿತು? ಹಟ್ಟಿಯ, ತಾಂಡಾದ, ಹಾಡಿಯ ಮಗುವಿಗೆ ಹಾಗೆ ತೆರೆದ ಬಾಗಿಲು ಎಷ್ಟಿದ್ದವು? ಆ ಬಾಗಿಲು ಆಗಬೇಕಾಗಿದ್ದದ್ದು ಸರ್ಕಾರಿ ಶಾಲೆ. ಇಂದು ಸರ್ಕಾರಿ ಶಾಲೆಯಲ್ಲಿ ಉಳಿದಿರುವವರಲ್ಲಿ ದೊಡ್ಡ ಪಾಲು ಈ ಮಕ್ಕಳದೇ. ತಮ್ಮವರ ಜಾಣ ಹುಡುಗರಿಗೆ ಆಸರೆ ಬೇಕೆಂದು ಅರಿತಿದ್ದ ಸಮಾಜ ಇವರ ಸರದಿ ಬಂದಾಗ ತಾನಾಗಿ ಮೇಲೆ ಬರಲಿ ಎನ್ನುತ್ತಿದೆ. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಈಗ ತರಗತಿಯ ಒಳಗೆ ಬನ್ನಿ. ಜೂನ್ ಬಂತೆಂದರೆ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಸೇತುಬಂಧ ನಡೆಯುತ್ತದೆ. ಮೊದಲು ನೈದಾನಿಕ ಪರೀಕ್ಷೆ, ಹಿಂದಿನ ತರಗತಿಯ ಯಾವ ಸಾಮರ್ಥ್ಯ ಮಗುವಿಗೆ ದಕ್ಕಿಲ್ಲ ಎಂದು ನೋಡಲು. ಆಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಒಳ್ಳೆಯ ಕ್ರಮ, ಬೇಕೇ ಬೇಕಾದ ಕ್ರಮ. ಆದರೆ ಆ ನೈದಾನಿಕ ಪರೀಕ್ಷೆಯನ್ನು ಹತ್ತು ನಿಮಿಷದಲ್ಲಿ ಬರೆದು ಮುಗಿಸಿ, ಒಂದೂ ತಪ್ಪಿಲ್ಲದೆ ಹಾಳೆ ಕೊಟ್ಟ ಮಗುವಿಗೆ ಮುಂದಿನ ವಾರಗಳಲ್ಲಿ ಏನು ಕೆಲಸ? ತನಗೆ ಬರುವುದನ್ನೇ ಮತ್ತೆ ಕೇಳುತ್ತಾ ಕೂರುವುದು. ಸೇತುಬಂಧ ಮುಗಿದ ಮೇಲೆ ಹೊಸ ಪಠ್ಯಪುಸ್ತಕ, ಅದನ್ನು ಆ ಮಗು ಪುಸ್ತಕ ಹಂಚಿದ ವಾರದಲ್ಲೇ ಓದಿ ಮುಗಿಸಿರುತ್ತದೆ. ಮುಂದಿನ ಮಾರ್ಚ್‌ವರೆಗೂ ಅದಕ್ಕೆ ಶಾಲೆಯಲ್ಲಿ ಕಲಿಯುವುದಕ್ಕೆ ಹೆಚ್ಚೇನೂ ಇಲ್ಲ. ಇಂಥ ಮಗುವನ್ನು ನಾವು ಏನು ಮಾಡುತ್ತೇವೆ ಎಂದು ಪ್ರತಿ ಶಿಕ್ಷಕರಿಗೂ ಗೊತ್ತು: ಕ್ಲಾಸ್ ಲೀಡರ್ ಮಾಡುತ್ತೇವೆ. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಲು ಹಚ್ಚುತ್ತೇವೆ. ಬಿಸಿಯೂಟಕ್ಕೆ ತಲೆ ಎಣಿಸಿ ಬರಲು ಕಳಿಸುತ್ತೇವೆ. ಮೇಷ್ಟ್ರು ಮೀಟಿಂಗಿಗೆ ಹೋದಾಗ ಚಿಕ್ಕ ತರಗತಿ ನೋಡಿಕೊಳ್ಳಲು ಹೇಳುತ್ತೇವೆ. ಮಗುವಿನ ಬುದ್ಧಿಯಿಂದ ಶಾಲೆ ದಿನವೂ ಕೆಲಸ ತೆಗೆಯುತ್ತದೆ, ಆ ಬುದ್ಧಿಗೆ ಒಂದು ದಿನವೂ ಕೆಲಸ ಕೊಡುವುದಿಲ್ಲ.

ದೋಷ ಶಿಕ್ಷಕರದ್ದೆಂದು ನಾನು ಹೇಳುತ್ತಿಲ್ಲ. ಸಾವಿರಾರು ಶಾಲೆಗಳನ್ನು ಒಬ್ಬೊಬ್ಬರೇ ಶಿಕ್ಷಕರು ನಡೆಸುತ್ತಿದ್ದಾರೆ. ಮೊಟ್ಟೆಯ ಲೆಕ್ಕ, ಸಮೀಕ್ಷೆ, ಚುನಾವಣೆ, ಆ್ಯಪ್‌ಗೆ ಫೋಟೊ ಏರಿಸುವುದು ಎಲ್ಲವೂ ಅವರ ತಲೆಯ ಮೇಲೆ. ಡಿ.ಇಡಿ.ಯಲ್ಲಾಗಲಿ ಬಿ.ಇಡಿ.ಯಲ್ಲಾಗಲಿ ಇಂಥ ಮಗುವನ್ನು ಹೇಗೆ ಗುರುತಿಸಬೇಕು, ಏನು ಕೊಡಬೇಕು ಎಂದು ಅವರಿಗೆ ಗಟ್ಟಿಯಾಗಿ ಹೇಳಿಕೊಟ್ಟವರಿಲ್ಲ. ಆದರೆ ನಮ್ಮ ನಾಡಿಗೆ ದಾರಿ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯ ಜೀವಾಳವೇ ಇದು: ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತಬೇಕು, ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕಿಲ್ಲ. ಮೂರನೇ ತರಗತಿ ಮುಗಿದೊಡನೆ ಆ ಏಣಿ ಕಳಚಿಹೋಗುತ್ತದೆ. ನಾಲ್ಕನೆಯದರಿಂದ ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗುವನ್ನು ಒಂಬತ್ತನೇ ವಯಸ್ಸಿಗೆ ಕಟ್ಟಿಹಾಕುವುದಕ್ಕೆ ನಮ್ಮಲ್ಲಿ ಯಾವ ಕಾರಣವಿದೆ? ಸುಲಭವೆಂಬ ಕಾರಣ ಬಿಟ್ಟರೆ ಬೇರೆ ಯಾವುದೂ ಇಲ್ಲ.

ಅಂಕಪಟ್ಟಿ ನೋಡಿದರೆ ಜಾಣರು ಯಾರೆಂದು ತಿಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಿಳಿಯುವುದಿಲ್ಲ. ಅಂಕಪಟ್ಟಿ ಹೇಳುವುದು ಯಾರು ಶಿಸ್ತಿನಿಂದ ಓದಿದರು, ಯಾರು ಅಂದವಾಗಿ ಬರೆದರು, ಯಾರ ಮನೆಯಲ್ಲಿ ಓದಲು ಬಿಡುವಿತ್ತು ಎಂಬುದನ್ನು. ಅವು ದೊಡ್ಡ ಗುಣಗಳೇ. ಆದರೆ ಅಸಾಧಾರಣ ಬುದ್ಧಿಯ ಮಗು ಎಷ್ಟೋ ಸಲ ಶಿಕ್ಷಕರ ಪ್ರೀತಿಯ ಮಗು ಆಗಿರುವುದಿಲ್ಲ. ಅದು ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಉತ್ತರ ಮಾತ್ರ ಬರೆಯುತ್ತದೆ, ಹಂತ ತೋರಿಸಿಲ್ಲವೆಂದು ಅಂಕ ಕಳೆದುಕೊಳ್ಳುತ್ತದೆ. ಭಿನ್ನರಾಶಿಯನ್ನು ಭಾಗಿಸುವಾಗ ಯಾಕೆ ತಿರುಗಿಸಿ ಗುಣಿಸಬೇಕು ಎಂದು ಕೇಳಿ, ಅಧಿಕಪ್ರಸಂಗಿ ಎನಿಸಿಕೊಳ್ಳುತ್ತದೆ. ಹುಳುಗಳ ಹಿಂದೆಯೋ ಪಂಪ್‌ಸೆಟ್ಟಿನ ಹಿಂದೆಯೋ ಬಿದ್ದು ಮನೆಗೆಲಸದ ಪುಸ್ತಕವನ್ನೇ ಮರೆಯುತ್ತದೆ. ಕೆಲವರಿಗೆ ಓದು ಬರಹದಲ್ಲೇ ತೊಡಕಿರುತ್ತದೆ, ಅಕ್ಷರ ತಿರುಗುಮುರುಗಾಗುತ್ತದೆ, ಆದರೆ ಯೋಚನೆ ಮಿಂಚಿನಂತಿರುತ್ತದೆ. ಹೆಣ್ಣುಮಕ್ಕಳು ಹೆಚ್ಚು ಪ್ರಶ್ನೆ ಕೇಳಬಾರದೆಂಬುದನ್ನು ಐದನೇ ತರಗತಿಯೊಳಗೇ ಕಲಿತು, ತಮಗೆ ಗೊತ್ತಿರುವುದನ್ನು ಬಚ್ಚಿಡುತ್ತಾರೆ. ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ಉರ್ದುವನ್ನೋ ಆಡುವ ಮಗುವಿನ ಚುರುಕು ಪಠ್ಯಪುಸ್ತಕದ ಕನ್ನಡದಲ್ಲಿ ಬರೆದ ಪ್ರಶ್ನೆಪತ್ರಿಕೆಗೆ ಕಾಣಿಸುವುದೇ ಇಲ್ಲ. ಇವರನ್ನೆಲ್ಲ ಅಂಕಪಟ್ಟಿ ದಡ್ಡರ ಸಾಲಿಗೆ ಸೇರಿಸಿಬಿಡುತ್ತದೆ.

ನವೋದಯ ಇದೆ, ಮೊರಾರ್ಜಿ ಇದೆ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳಿವೆ, ಆದರ್ಶ ವಿದ್ಯಾಲಯಗಳಿವೆ, ಇನ್ನೇನು ಬೇಕು ಎನ್ನುವುದು ಮುಂದಿನ ಮಾತು. ಆ ಶಾಲೆಗಳಿಂದ ಎಷ್ಟೋ ಬಡ ಮಕ್ಕಳ ಬದುಕು ಬದಲಾಗಿದೆ, ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಲೆಕ್ಕ ನೋಡಿ. ನವೋದಯ ಜಿಲ್ಲೆಗೆ ಸಾಮಾನ್ಯವಾಗಿ ಒಂದು, ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಎರಡು ಗಂಟೆಯ ಒಂದು ಪರೀಕ್ಷೆ, 80 ಪ್ರಶ್ನೆ, ಆರನೇ ತರಗತಿಯ ಪ್ರವೇಶಕ್ಕೆ ಬದುಕಿನಲ್ಲಿ ಒಂದೇ ಅವಕಾಶ. ಆ ದಿನ ಜ್ವರ ಬಂದರೆ ಮುಗಿಯಿತು. ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಲು ತಿಳಿದ ಅಪ್ಪ ಬೇಕು, ಇಲ್ಲವೇ ಆಸಕ್ತಿಯ ಮೇಷ್ಟ್ರು ಬೇಕು. ಇಬ್ಬರೂ ಇಲ್ಲದ ಮಗುವಿಗೆ ಇಂಥದೊಂದು ಪರೀಕ್ಷೆ ಇದೆಯೆಂಬುದೇ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ ನಾಲ್ಕನೇ ತರಗತಿಯಿಂದಲೇ ನವೋದಯ ಕೋಚಿಂಗ್‌ಗೆ ಮಕ್ಕಳನ್ನು ಸೇರಿಸುವ ಮನೆಗಳಿವೆ, ಹಳ್ಳಿಯ ಖಾಸಗಿ ಶಾಲೆಯ ಮಕ್ಕಳೂ ಅದೇ ಸೀಟುಗಳಿಗೆ ಕೂರುತ್ತಾರೆ. ಗೈಡ್ ಕೊಳ್ಳಲಾರದ ಮಗು ಅವರೊಡನೆ ಓಡಬೇಕು. ಸೀಟು ಸಿಗದವರು ಮರಳುವುದು ಅದೇ ಹಳೆ ತರಗತಿಗೆ. ಸಿಕ್ಕ ಕೆಲವರನ್ನು ಎತ್ತಿಕೊಂಡು ಹೋಗಿ, ಉಳಿದವರ ಹೊಣೆ ತೀರಿತು ಎಂದುಕೊಳ್ಳುವುದು ಆಯ್ಕೆಯ ವ್ಯವಸ್ಥೆಯಾಗಬಹುದು, ಪೋಷಣೆಯ ವ್ಯವಸ್ಥೆ ಹೇಗಾದೀತು?

ಒಂದೇ ಪರೀಕ್ಷೆಯ ಮೇಲೋ ಯಾರದೋ ಶಿಫಾರಸಿನ ಮೇಲೋ ಇಟ್ಟ ನಂಬಿಕೆ ಎಷ್ಟು ಕೈಕೊಡುತ್ತದೆ ಎಂಬುದಕ್ಕೆ ಹೊರಗಿನ ಎರಡು ಪ್ರಸಂಗ ಹೇಳಬೇಕು. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ ಎಂಬ ಮನೋವಿಜ್ಞಾನಿ ಬುದ್ಧಿಮಾಪನ ಪರೀಕ್ಷೆಯಿಂದ ಅಸಾಧಾರಣ ಮಕ್ಕಳನ್ನು ಆರಿಸಿ, ದಶಕಗಳ ಕಾಲ ಅವರ ಬೆಳವಣಿಗೆಯನ್ನು ಹಿಂಬಾಲಿಸಿದ. ಅಂದು ಪರೀಕ್ಷೆ ಬರೆದೂ ಆಯ್ಕೆಯಾಗದವರಲ್ಲಿ ಇಬ್ಬರು ಹುಡುಗರಿದ್ದರು: ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೇಜ್. ಮುಂದೆ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಜಾಣ ಮಕ್ಕಳ ತರಗತಿಗೆ ಶಿಕ್ಷಕರೋ ತಂದೆತಾಯಿಯೋ ಹೆಸರು ಸೂಚಿಸುವ ಪದ್ಧತಿಯಿತ್ತು, ಸಹಜವಾಗಿಯೇ ಅನುಕೂಲಸ್ಥರ ಮಕ್ಕಳೇ ಅಲ್ಲಿ ತುಂಬಿದ್ದರು. 2005ರಲ್ಲಿ ಎರಡನೇ ತರಗತಿಯ ಪ್ರತಿಯೊಂದು ಮಗುವನ್ನೂ ಪರೀಕ್ಷಿಸಿ ನೋಡುವ ಕ್ರಮ ಬಂತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಅದನ್ನು ಅಧ್ಯಯನ ಮಾಡಿದಾಗ, ಹಾಗೆ ಗುರುತಿಸಲ್ಪಟ್ಟ ಕಪ್ಪು ಮಕ್ಕಳ ಪ್ರಮಾಣ ಶೇ 80ರಷ್ಟು, ಹಿಸ್ಪಾನಿಕ್ ಮಕ್ಕಳ ಪ್ರಮಾಣ ಶೇ 130ರಷ್ಟು ಏರಿದ್ದು ಕಂಡಿತು. ಮಕ್ಕಳು ಮೊದಲೂ ಅಲ್ಲೇ ಇದ್ದರು, ಅದೇ ಬೆಂಚಿನ ಮೇಲೆ ಕೂತಿದ್ದರು. ನೋಡುವವರು ಇರಲಿಲ್ಲ. ಹಣ ಸಾಲದೆ ಆ ಕ್ರಮವನ್ನು ಕೈಬಿಟ್ಟಾಗ ಆ ಮಕ್ಕಳು ಮತ್ತೆ ಕಣ್ಮರೆಯಾದರು.

ನಮ್ಮ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ನಿಯಾಸ್ ಸಂಸ್ಥೆ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ನೆರವಿನಿಂದ ಭಾರತದ ಪ್ರತಿಭಾವಂತ ಮಕ್ಕಳನ್ನು ಗುರುತಿಸಲು ಹೊಂದುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಪುಣೆಯ ಜ್ಞಾನ ಪ್ರಬೋಧಿನಿ 1962ರಿಂದ ಇದೇ ಕೆಲಸದಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಪೂರಕ ಸಾಮಗ್ರಿ ಕೊಡಬೇಕು, ಬಿ.ಇಡಿ.ಯಲ್ಲಿ ಇದನ್ನು ಕಲಿಸುವ ಅವಕಾಶವಿರಬೇಕು, ಆಸಕ್ತಿಗೆ ತಕ್ಕ ಕ್ಲಬ್‌ಗಳಾಗಬೇಕು ಎಂದು ಬರೆದಿದೆ. ಆ ನೀತಿ ಬೇಕೋ ನಮ್ಮದೇ ರಾಜ್ಯ ನೀತಿ ಬೇಕೋ ಎಂದು ವರ್ಷಗಟ್ಟಲೆ ವಾದಿಸಿದೆವು. ಆ ವಾದದ ನಡುವೆ ಈ ಮಗುವಿನ ಬಗ್ಗೆ ಎಷ್ಟು ಮಂದಿ ಬಾಯಿ ತೆರೆದರು?

ಇದ್ದದ್ದನ್ನೂ ಉಳಿಸಿಕೊಳ್ಳಲಿಲ್ಲ. 1963ರಲ್ಲಿ ಶುರುವಾಗಿ, ಹತ್ತನೇ ತರಗತಿಯ ಮಕ್ಕಳಿಗೆ ದೊಡ್ಡ ಹೆಬ್ಬಾಗಿಲಾಗಿದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ ಎಂದು 2022ರಲ್ಲಿ ಎನ್‌ಸಿಇಆರ್‌ಟಿ ಪ್ರಕಟಿಸಿತು. ವಿಜ್ಞಾನ ಓದಬಯಸುವ ಮಕ್ಕಳಿಗಾಗಿ 1999ರಿಂದ ನಡೆಯುತ್ತಿದ್ದ, ನಮ್ಮ ಬೆಂಗಳೂರಿನಿಂದಲೇ ನಡೆಸಲಾಗುತ್ತಿದ್ದ ಕೆವಿಪಿವೈ ವಿದ್ಯಾರ್ಥಿವೇತನ ಅದೇ ವರ್ಷ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗಿರುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಉಳಿದಿದೆ. ವರ್ಷಕ್ಕೆ 12,000, ತಿಂಗಳಿಗೆ ಒಂದು ಸಾವಿರ ರೂಪಾಯಿ, 2017ರಲ್ಲಿ ಏರಿಸಿದ ಮೊತ್ತ. ಅದು ಬಡ ಮನೆಗೆ ದೊಡ್ಡ ನೆರವು, ಆದರೆ ಆ ಹಣದ ಜೊತೆ ಒಂದು ಪುಸ್ತಕವಾಗಲಿ, ಒಬ್ಬ ಮಾರ್ಗದರ್ಶಕರಾಗಲಿ, ಮಗುವಿನ ಬುದ್ಧಿಗೆ ಸವಾಲಾಗುವ ಒಂದು ಪಾಠವಾಗಲಿ ಬರುವುದಿಲ್ಲ. ಒಂದೊಂದೇ ಬಾಗಿಲು ಮುಚ್ಚಿದಾಗ ಯಾವ ಸಂಘಟನೆ ಬೀದಿಗಿಳಿಯಿತು? ಮುಚ್ಚಿದ ಬಾಗಿಲುಗಳ ಬದಲು ಕೋಚಿಂಗ್ ಕಂಪನಿಗಳು ತಮ್ಮದೇ ಟ್ಯಾಲೆಂಟ್ ಟೆಸ್ಟ್‌ಗಳೊಂದಿಗೆ ಬಂದಿವೆ. ಫೀಸು ಕಟ್ಟುವವರಿಗೆ ಅವು ಬಾಗಿಲು. ಉಳಿದವರಿಗೆ ಗೋಡೆ.

ಪ್ರಗತಿಪರ ಗೆಳೆಯರ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದದ್ದು. ಪ್ರತಿಭೆ, ಮೆರಿಟ್ ಎಂಬ ಮಾತುಗಳನ್ನು ಈ ದೇಶದಲ್ಲಿ ಮೀಸಲಾತಿಯ ವಿರುದ್ಧ ಆಯುಧವಾಗಿ ಬಳಸಿದ್ದಾರೆ, ಮಕ್ಕಳನ್ನು ಜಾಣರು ದಡ್ಡರೆಂದು ಬೇರ್ಪಡಿಸಿದರೆ ಹೊಸ ಜಾತಿ ಹುಟ್ಟುತ್ತದೆ ಎನ್ನುತ್ತಾರೆ. ಮೊದಲ ಮಾತು ಪೂರ್ತಿ ನಿಜ. ಅದಕ್ಕಾಗಿಯೇ ಕೇಳುತ್ತೇನೆ: ಆ ಆಯುಧವನ್ನು ಅವರ ಕೈಯಲ್ಲೇ ಬಿಟ್ಟು ಬಂದವರು ಯಾರು? ಸರ್ಕಾರಿ ಶಾಲೆಯ ದಲಿತ ಹುಡುಗಿಯ ಬುದ್ಧಿಯನ್ನು ಗುರುತಿಸುವ ಕೆಲಸದಿಂದ ನಾವು ಹಿಂದೆ ಸರಿದಾಗ ಪ್ರತಿಭೆಯೆಂದರೆ ಉಳ್ಳವರ ಮನೆಯ ಸ್ವತ್ತು ಎಂಬ ಸುಳ್ಳಿಗೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ಬುದ್ಧಿ ಎಲ್ಲ ಕೇರಿಗಳಲ್ಲೂ ಹುಟ್ಟುತ್ತದೆ ಎಂದು ನಿಜವಾಗಿ ನಂಬುವವರು ಅದನ್ನು ಎಲ್ಲ ಕೇರಿಗಳಲ್ಲೂ ಹುಡುಕಬೇಕು. ಇನ್ನು ಬೇರ್ಪಡಿಸುವ ಭಯ. ಯಾರ ಹಣೆಯ ಮೇಲೂ ಚೀಟಿ ಅಂಟಿಸಬೇಕೆಂದು ನಾನು ಕೇಳುತ್ತಿಲ್ಲ. ಗಣಿತದಲ್ಲಿ ಮುಂದಿರುವ ಮಗುವಿಗೆ ಗಣಿತದಲ್ಲಿ ಮುಂದಿನ ಪಾಠ ಕೊಡಿ ಎನ್ನುತ್ತಿದ್ದೇನೆ. ಅದೇ ಮಗು ಕನ್ನಡ ಪಾಠಕ್ಕೆ, ಆಟಕ್ಕೆ, ಊಟಕ್ಕೆ ತನ್ನ ಗೆಳೆಯರೊಡನೆಯೇ ಇರಲಿ.

ಐದನೇ ತರಗತಿಯ ಮಕ್ಕಳಲ್ಲಿ ಎಷ್ಟೋ ಮಂದಿಗೆ ಎರಡನೇ ತರಗತಿಯ ಪಾಠ ಓದಲು ಬರುತ್ತಿಲ್ಲವೆಂದು ಅಸರ್ ಎಂಬ ಕಲಿಕಾ ಸಮೀಕ್ಷೆಯ ವರದಿಗಳು ಹೇಳುತ್ತಲೇ ಇವೆ. ಮೊದಲು ಅವರಿಗೆ ಓದಲು ಕಲಿಸಿ, ಆಮೇಲೆ ಜಾಣರ ಮಾತು ಎಂಬ ವಾದಕ್ಕೆ ಇದೇ ಆಧಾರ. ಓದಲು ಬಾರದ ಮಗುವಿನ ಹಕ್ಕನ್ನು ಕಿತ್ತು ಇನ್ನೊಬ್ಬರಿಗೆ ಕೊಡಿ ಎಂದವರು ಯಾರು? ಎರಡೂ ಮಕ್ಕಳು ಒಂದೇ ತರಗತಿಯಲ್ಲಿದ್ದಾರೆ, ಒಂದೇ ಕಾರಣಕ್ಕೆ ಸೋಲುತ್ತಿದ್ದಾರೆ: ತರಗತಿ ನಡೆಯುವುದು ಇಬ್ಬರ ವೇಗದಲ್ಲೂ ಅಲ್ಲ, ಪಠ್ಯ ಮುಗಿಸುವ ವೇಳಾಪಟ್ಟಿಯ ವೇಗದಲ್ಲಿ. ಹಿಂದಿರುವ ಮಗುವಿಗೆ ಅದರ ಮಟ್ಟದ ಪಾಠ ಬೇಕೆಂದು ಒಪ್ಪುವವರು ಮುಂದಿರುವ ಮಗುವಿಗೂ ಅದರ ಮಟ್ಟದ ಪಾಠ ಬೇಕೆಂದು ಒಪ್ಪಲು ಯಾಕೆ ಹಿಂಜರಿಯಬೇಕು? ಜಾಣ ಮಗುವಿಗೆ ಸಹಾಯ ಬೇಡ ಎನ್ನುವುದು, ಉರಿಯುತ್ತಿರುವ ದೀಪಕ್ಕೆ ಎಣ್ಣೆ ಯಾಕೆ ಎಂದಂತೆ.

ಕ್ರೀಡೆಯ ವಿಷಯದಲ್ಲಿ ನಾವು ಹೀಗೆ ಮಾತಾಡುವುದಿಲ್ಲ ಎಂಬುದನ್ನು ಗಮನಿಸಿ. ಇದೇ ರಾಜ್ಯ ಸರ್ಕಾರ ಹಳ್ಳಿಯ ಮಕ್ಕಳ ಎತ್ತರ ತೂಕ ಅಳೆದು, ಓಡಿಸಿ, ಜಿಗಿಸಿ ನೋಡಿ ಕ್ರೀಡಾ ವಸತಿ ನಿಲಯಗಳಿಗೆ ಆರಿಸಿಕೊಳ್ಳುತ್ತದೆ. ಅವರಿಗೆ ಬೇರೆ ಊಟ, ಬೇರೆ ತರಬೇತುದಾರರು. ಚೆನ್ನಾಗಿ ಓಡುವ ಹುಡುಗಿ ತಾನಾಗಿ ಓಡಿಕೊಂಡು ರಾಷ್ಟ್ರಮಟ್ಟಕ್ಕೆ ಹೋಗಲಿ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಹಾಡುವ, ಕುಣಿಯುವ, ಕಂಠಪಾಠ ಒಪ್ಪಿಸುವ ಮಗುವನ್ನು ಕ್ಲಸ್ಟರಿನಿಂದ ರಾಜ್ಯದವರೆಗೆ ಕರೆದುಕೊಂಡು ಹೋಗುತ್ತೇವೆ. ಯೋಚಿಸುವ ಮಗು ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ.

ಕನ್ನಡ ಶಾಲೆಗಳನ್ನು ಉಳಿಸಬೇಕೆಂದು ಹೋರಾಡುವವರಿಗೂ ಒಂದು ಮಾತು. ಸರ್ಕಾರಿ ಶಾಲೆ ಖಾಲಿಯಾಗುವಾಗ ಮೊದಲು ಹೊರಗೆ ಹೋಗುವವರು ಯಾರೆಂದು ನೋಡಿದ್ದೀರಾ? ಮಗು ಚುರುಕಿದೆ ಎಂದು ಅರಿವಾದ ದಿನವೇ ಅಪ್ಪ ಸಾಲ ಮಾಡಿಯಾದರೂ ಅದನ್ನು ಕಾನ್ವೆಂಟಿನ ವ್ಯಾನು ಹತ್ತಿಸುತ್ತಾನೆ. ಇಲ್ಲಿದ್ದರೆ ಇದರ ಬುದ್ಧಿ ಹಾಳಾಗುತ್ತದೆ ಎನ್ನುತ್ತಾನೆ. ಅವನನ್ನು ಬೈಯುವ ಮೊದಲು, ಅವನ ಮಗುವಿಗೆ ನಮ್ಮ ಕನ್ನಡ ಶಾಲೆ ಏನು ಕೊಡುತ್ತದೆಂದು ಹೇಳೋಣ. ಒಲಿಂಪಿಯಾಡ್ ಮಟ್ಟದ ಗಣಿತದ ಸಮಸ್ಯೆಗಳಿರುವ, ಹನ್ನೆರಡರ ಮಗು ತಾನೇ ಓದಿಕೊಳ್ಳಬಹುದಾದ ಎಷ್ಟು ಕನ್ನಡ ಪುಸ್ತಕಗಳನ್ನು ಅವನಿಗೆ ತೋರಿಸಬಲ್ಲೆವು? ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' 1978ರಿಂದ ಬರುತ್ತಿದೆ. ಅಂಥ ಪತ್ರಿಕೆ ಎಷ್ಟು ಶಾಲೆಗಳಲ್ಲಿ ಬೀರುವಿನಿಂದ ಹೊರಬಂದು ಮಗುವಿನ ಕೈ ಸೇರುತ್ತದೆ? ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಮೊದಲಿಗಳಾದ ಹುಡುಗಿ ಪಿಯು ವಿಜ್ಞಾನ ತರಗತಿಯ ಇಂಗ್ಲಿಷಿನಲ್ಲಿ ಮೂರು ತಿಂಗಳು ಮುಳುಗೇಳುವಾಗ ಕೈಹಿಡಿಯುವ ಒಂದು ಏರ್ಪಾಡನ್ನಾದರೂ ನಾವು ಮಾಡಿದ್ದೇವೆಯೇ?

ಬೇಕಾದದ್ದು ಹೊಸ ಕಟ್ಟಡಗಳಲ್ಲ. ಮೂರನೇ ತರಗತಿಯ ಕೊನೆಗೆ ಮತ್ತು ಆರನೇ ತರಗತಿಯಲ್ಲಿ ಇನ್ನೊಮ್ಮೆ ಪ್ರತಿ ಸರ್ಕಾರಿ ಶಾಲೆಯ ಪ್ರತಿಯೊಂದು ಮಗುವನ್ನೂ ನೋಡಬೇಕು. ಅರ್ಜಿ ಹಾಕಿದವರನ್ನಲ್ಲ, ಎಲ್ಲರನ್ನೂ. ಬಾಯಿಪಾಠವನ್ನಲ್ಲ, ಯೋಚನೆಯನ್ನು ಪರೀಕ್ಷಿಸಬೇಕು. ಅದೂ ಒಂದೇ ದಿನದಲ್ಲಲ್ಲ, ಕೆಲವು ವಾರ, ಮಗುವಿಗೆ ಒಗ್ಗುವ ಭಾಷೆಯಲ್ಲಿ, ಶಿಕ್ಷಕರು ಕಂಡದ್ದನ್ನೂ ಸೇರಿಸಿ. ಒಂದು ಸಲ ಸಿಗದ ಮಗುವಿಗೆ ಮರುವರ್ಷವೂ ಬಾಗಿಲು ತೆರೆದಿರಬೇಕು. ಐದನೆಯ ತರಗತಿಯ ಮಗು ಗಣಿತಕ್ಕೆ ಏಳನೆಯದರಲ್ಲಿ ಕೂರಬಲ್ಲದಾದರೆ ಕೂರಿಸಲು ಮುಖ್ಯಶಿಕ್ಷಕರಿಗೆ ಲಿಖಿತ ಅಧಿಕಾರ ಕೊಡಬೇಕು, ಇಲ್ಲವಾದರೆ ತಪಾಸಣೆಗೆ ಹೆದರಿ ಯಾರೂ ಆ ಕೆಲಸ ಮಾಡುವುದಿಲ್ಲ. ಕ್ಲಸ್ಟರಿಗೊಂದು ಕಡೆ ಶನಿವಾರ ಮಧ್ಯಾಹ್ನ ಈ ಮಕ್ಕಳು ಸೇರಲಿ. ಊಟ ಮತ್ತು ಬಸ್ ಚಾರ್ಜು ಸರ್ಕಾರದ್ದು. ಹೈಸ್ಕೂಲಿನ ವಿಜ್ಞಾನ ಶಿಕ್ಷಕರು, ಹತ್ತಿರದ ಡಿಗ್ರಿ ಕಾಲೇಜಿನ ಮೇಷ್ಟ್ರುಗಳು, ನಿವೃತ್ತ ಎಂಜಿನಿಯರುಗಳು ಬರಲಿ, ಬಂದವರಿಗೆ ಗೌರವಧನ ಕೊಡಲಿ. ತಾನೊಬ್ಬನೇ ವಿಚಿತ್ರ ಎಂದುಕೊಂಡಿದ್ದ ಮಗುವಿಗೆ ತನ್ನಂಥ ಇನ್ನೊಂದು ಮಗು ಸಿಗುವುದೇ ಒಂದು ದೊಡ್ಡ ಪಾಠ. ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಶಿಕ್ಷಕರನ್ನು ಇದಕ್ಕೆ ಸಿದ್ಧಮಾಡಲಿ. ಕೇಂದ್ರ ನಿಲ್ಲಿಸಿದ ಪ್ರತಿಭಾನ್ವೇಷಣೆಗೆ ಕಾಯದೆ, ರಾಜ್ಯ ತನ್ನದೇ ವಿದ್ಯಾರ್ಥಿವೇತನ ಆರಂಭಿಸಲಿ. ಹೀಗೆ ಗುರುತಿಸಿದ ಹೆಣ್ಣುಮಗು ಹದಿನೈದು ದಿನ ಶಾಲೆಗೆ ಬರಲಿಲ್ಲವೆಂದರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅವಳ ಮನೆಯ ಬಾಗಿಲಲ್ಲಿರಬೇಕು. ಅವಳ ಮದುವೆಯ ಮಾತು ನಡೆಯುತ್ತಿದ್ದರೆ ಅದನ್ನು ತಡೆಯುವ ಕಾನೂನು ಕೈಯಲ್ಲೇ ಇದೆ.

ಇದಕ್ಕೆ ಹೊಸ ಇಲಾಖೆಯೂ ಬೇಡ. ಪ್ರತಿ ಮಗುವಿನ ವಿವರ ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿದೆ, ಸೇತುಬಂಧದ ಪರೀಕ್ಷೆ ಹೇಗೂ ನಡೆಯುತ್ತದೆ. ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಆಯುಕ್ತರಿಗೆ ನನ್ನ ಬೇಡಿಕೆ ಇದು: ಬರುವ ಜೂನ್‌ನ ನೈದಾನಿಕ ಪರೀಕ್ಷೆಯಲ್ಲಿ ಮುಂದಿನ ಎರಡು ತರಗತಿಗಳ ಸಾಮರ್ಥ್ಯದ ಪ್ರಶ್ನೆಗಳೂ ಇರಲಿ. ಅವುಗಳಿಗೆ ಉತ್ತರಿಸಿದ ಮಗುವಿನ ಹೆಸರು ಪರಿಹಾರ ಬೋಧನೆಯ ಪಟ್ಟಿಯಷ್ಟೇ ಕಡ್ಡಾಯವಾಗಿ ಇನ್ನೊಂದು ಪಟ್ಟಿಯಲ್ಲಿ ದಾಖಲಾಗಲಿ, ಆ ಮಗುವಿಗೆ ಏನು ಕಲಿಸಿದಿರಿ ಎಂದು ಬಿಇಒ ಪ್ರತಿ ತಿಂಗಳು ಕೇಳಲಿ. ಎಸ್‌ಡಿಎಂಸಿ ಸದಸ್ಯರೇ, ನಿಮ್ಮ ಶಾಲೆಯ ಮುಂದಿನ ಸಭೆಯಲ್ಲಿ ಇದೇ ಪ್ರಶ್ನೆ ಎತ್ತಿ. ಶಿಕ್ಷಕರ ಸಂಘಗಳೇ, ಈ ಕೆಲಸಕ್ಕೆ ವಾರಕ್ಕೆ ಎರಡು ಪಿರಿಯಡ್ ಬಿಡುವು ಕೇಳಿ, ಅನ್ಯ ಕೆಲಸಗಳನ್ನು ಇಳಿಸಿ ಎಂದು ಹಟ ಹಿಡಿಯಿರಿ, ನಾವು ನಿಮ್ಮ ಜೊತೆ ನಿಲ್ಲುತ್ತೇವೆ. ಮೇ ತಿಂಗಳ ಕೊನೆಗೆ ಶಾಲೆಗಳು ಬಾಗಿಲು ತೆರೆಯುತ್ತವೆ. ಆದೇಶ ಏಪ್ರಿಲ್ ಒಳಗೇ ಹೊರಡಬೇಕು.